ಗಂಧದ ಗಿಡವನ್ನು ನೆಟ್ಟವರಾರು?

ಹೊಳೆನರಸೀಪುರದ ಹತ್ತಿರ ನಮ್ಮದೊಂದು ಹೊಲವಿದೆ. ಅದರ ಪಡುವಣ ಬೇಲಿಯಲ್ಲಿ ಹೊಂಗೆ, ತಂಗಡಿ, ಲಂಟಾನಗಳ ನಡುವೆ ಹನ್ನೊಂದು ಗಂಧದ ಗಿಡಗಳಿವೆ. ನೆಟ್ಟವರಾರೆಂದು ತಂದೆಯವರನ್ನು ಕೇಳಿದೆ. "ಯಾರೂ ನೆಡ್ಲಿಲ್ಲ ಕಣಪ್ಪ, ತಾವಾಗೇ ಬಂದ್ವು" ಎಂದರು. ಕಲಾ ವಿಭಾಗದವನಾದ ನನಗೆ ಸಸ್ಯಶಾಸ್ತ್ರ ದೂರ. ಆದರೂ ಆ 'ತಾವಾಗೇ' ಎಂಬ ಮಾತು ನನ್ನನ್ನು ಬಿಡಲಿಲ್ಲ.

ಗಂಧದ ಹಣ್ಣು ಕಪ್ಪುನೇರಳೆ ಬಣ್ಣದ್ದು, ಒಳಗೆ ಒಂದೇ ಬೀಜ. ಕೋಗಿಲೆ, ಪಿಕಳಾರ ಮುಂತಾದ ಹಕ್ಕಿಗಳು ಇದನ್ನು ನುಂಗಿ, ಬೇರೆಡೆ ಕೊಂಬೆಯ ಮೇಲೆ ಕುಳಿತು ಬೀಜವನ್ನು ಬೀಳಿಸುತ್ತವೆ. ಇದರಲ್ಲೊಂದು ಸೊಗಸಿದೆ. ಗಂಧವು ಅರೆಪರಾವಲಂಬಿ, ಎಲೆಯಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಂಡರೂ ನೀರನ್ನೂ ಲವಣಗಳನ್ನೂ ನೆರೆಯ ಗಿಡದ ಬೇರಿನಿಂದ ಹೀರಬೇಕು. ಹಕ್ಕಿಗೆ ಕೂರಲು ಬೇಕಾದ ಗಿಡವೇ ಸಸಿಗೆ ಆಶ್ರಯದ ಗಿಡವೂ ಆಗುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿದ್ದ ಎಸ್. ಜಿ. ಹೆಗಡೆ, ಆರ್. ಉಮಾಶಂಕರ, ಕೆ. ಎನ್. ಗಣೇಶಯ್ಯ (ನಾವು ಕಾದಂಬರಿಕಾರರೆಂದು ಬಲ್ಲ ಗಣೇಶಯ್ಯನವರೇ) 1991ರಲ್ಲಿ ಗಂಧದ ಬೀಜದ ಗಾತ್ರವನ್ನು ಕುರಿತು ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ದೊಡ್ಡ ಬೀಜದ ಸಸಿ ಚೆನ್ನಾಗಿ ನೆಲೆಯೂರುತ್ತದೆ. ಹಕ್ಕಿಗಳು ಹೆಚ್ಚಾಗಿ ಒಯ್ಯುವುದು ಚಿಕ್ಕ ಬೀಜವನ್ನು. ಬುತ್ತಿ ದೊಡ್ಡದು ಕಟ್ಟಿದರೆ ಹೊರುವವರಿಲ್ಲ, ಚಿಕ್ಕದು ಕಟ್ಟಿದರೆ ಮಗುವಿಗೆ ಸಾಲದು! ತಾಯಿಮರವು ಇವೆರಡರ ನಡುವೆ ರಾಜಿಯಾಗಬೇಕು.

ಹಕ್ಕಿ ನೆಟ್ಟದ್ದನ್ನು ಮೇಕೆ, ದನ, ಮೊಲಗಳು ತಿಂದು ಮುಗಿಸುವುದೂ ಉಂಟು. ಎಳೆಯ ಗಂಧದೆಲೆ ಅವಕ್ಕೆ ಬಲು ರುಚಿ. ನಮ್ಮ ಬೇಲಿಯಲ್ಲಿ ಸಸಿಗಳನ್ನು ಉಳಿಸಿದ್ದು ಲಂಟಾನದ ಮುಳ್ಳೇ ಇರಬೇಕು. ಕಾಡಿನಲ್ಲಿ ಎಲ್ಲರ ಬೈಗುಳಕ್ಕೂ ಪಾತ್ರವಾದ ಗಿಡವಿದು. ನಮ್ಮಲ್ಲಿ ಮಾತ್ರ ಕಾವಲುಗಾರ.

ಈಗ ಹಾಸನದಿಂದ ಚನ್ನರಾಯಪಟ್ಟಣಕ್ಕಾಗಲಿ ಅರಕಲಗೂಡಿಗಾಗಲಿ ಬಸ್ಸಿನಲ್ಲಿ ಹೋಗುವಾಗ ನಾನು ಬೇಲಿಗಳನ್ನೇ ನೋಡುತ್ತೇನೆ. ಹಲವೆಡೆ ಕಲ್ಲುಕಂಬ, ಮುಳ್ಳುತಂತಿ ಬಂದಿವೆ. ತಂತಿಯ ಮೇಲೂ ಹಕ್ಕಿ ಕೂರುತ್ತದೆ, ಬೀಜವನ್ನೂ ಬೀಳಿಸುತ್ತದೆ. ಆದರೆ ಕೆಳಗೆ ಸಸಿ ಹಿಡಿದುಕೊಳ್ಳಲು ಪೊದೆಯ ಬೇರಿಲ್ಲ, ಮೇಕೆಯ ಬಾಯಿಗೆ ಅಡ್ಡಿಯಿಲ್ಲ.

ಹಿಂದೆ ಯಾರ ಹೊಲದಲ್ಲಿ ಬೆಳೆದರೂ ಗಂಧದ ಮರ ಸರ್ಕಾರದ್ದಾಗಿತ್ತು. ಸಸಿ ಕಂಡರೆ ರೈತನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯು ಮರವನ್ನು ನೆಲದ ಒಡೆಯನಿಗೇ ಕೊಟ್ಟಿತು. ಕಳ್ಳರ ಭಯ ಮಾತ್ರ ಹೋಗಿಲ್ಲ.

ನಮ್ಮ ಮನೆಯಲ್ಲೂ ಅದೇ ಮಾತು. ಈ ಬೇಸಗೆಯಲ್ಲಿ ಬೇಲಿ ಕಿತ್ತು ತಂತಿ ಹಾಕಬೇಕೆಂದು ತಂದೆಯವರ ನಿಶ್ಚಯ. ನಾನು ಹಕ್ಕಿ, ಬೇರು, ಬೀಜವೆಂದು ಓದಿದ್ದನ್ನೆಲ್ಲ ಒಪ್ಪಿಸಿದೆ. "ಹಕ್ಕಿ ನೆಡುತ್ತೆ ಸರಿ, ರಾತ್ರಿ ಕಾಯೋರು ಯಾರಪ್ಪ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ, ದೊಡ್ಡ ಹೊಂಗೆಯ ಸುತ್ತಲಿನ ನಾಲ್ಕು ಮಾರು ಬೇಲಿಯನ್ನು ಹಾಗೆಯೇ ಬಿಡಲು ಒಪ್ಪಿದ್ದಾರೆ. ಅಲ್ಲಿ ಐದು ಗಿಡಗಳಿವೆ.