ಮಾಂಸ, ಮೀನು ಮತ್ತು ಔಷಧಕ್ಕೆ ಮಣಿಯದ ಸೂಕ್ಷ್ಮಾಣುಗಳು: ಗ್ರಾಮ ಪಂಚಾಯತಿ ಸದಸ್ಯರು ಅರಿಯಬೇಕಾದ ಸಂಗತಿಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸಂತೆಗಳಲ್ಲಿ ಕುರಿ, ಆಡು ಮತ್ತು ಕೋಳಿಯ ಮಾಂಸ, ಕೆರೆ ಹಾಗೂ ಜಲಾಶಯದ ಮೀನು ಮತ್ತು ಕರಾವಳಿಯಿಂದ ಬರುವ ಸಮುದ್ರದ ಮೀನು ಮಾರಾಟವಾಗುತ್ತವೆ. ಕೊಳ್ಳುವವರು ಬಣ್ಣ ಮತ್ತು ವಾಸನೆಯನ್ನು ನೋಡಿ ತಾಜಾತನವನ್ನು ನಿರ್ಣಯಿಸುತ್ತಾರೆ. ಆದರೆ ಪ್ರತಿಜೀವಕ ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಇಂತಹ ನಿರೋಧಕ ಸೋಂಕುಗಳಿಂದಲೇ ಮರಣ ಹೊಂದಿದರೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ.

ನಿರೋಧಕ ಶಕ್ತಿ ಬರುವ ಬಗೆ

ಪ್ರತಿಜೀವಕವನ್ನು ನೀಡಿದಾಗ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ. ಔಷಧವನ್ನು ತಾಳಿಕೊಳ್ಳುವ ಕೆಲವು ಉಳಿದು ವೃದ್ಧಿಯಾಗುತ್ತವೆ. ರೋಗವಿಲ್ಲದ ಕೋಳಿಗಳಿಗೂ ಬೆಳವಣಿಗೆಗಾಗಿ ಆಹಾರದಲ್ಲಿ ಔಷಧ ಬೆರೆಸುವುದು, ಪಶುವೈದ್ಯರ ಸಲಹೆಯಿಲ್ಲದೆ ಚುಚ್ಚುಮದ್ದು ಹಾಕಿಸುವುದು, ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವುದು ಈ ಆಯ್ಕೆಯನ್ನು ತ್ವರಿತಗೊಳಿಸುತ್ತವೆ. ಒಂದು ಬ್ಯಾಕ್ಟೀರಿಯಾ ತನ್ನ ನಿರೋಧಕ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ವರ್ಗಾಯಿಸಬಲ್ಲದು. ಆದ್ದರಿಂದ ಕೋಳಿಫಾರಂನಲ್ಲಿ ಹುಟ್ಟಿದ ಗುಣವು ಮನುಷ್ಯರ ಕರುಳಿನ ಸೂಕ್ಷ್ಮಾಣುಗಳನ್ನೂ ತಲುಪಬಹುದು.

ಕರ್ನಾಟಕದ ವಿಜ್ಞಾನಿಗಳು ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಸಿಗಡಿ ಮರಿಗಳ ಉತ್ಪಾದನಾ ಕೇಂದ್ರವೊಂದರಲ್ಲಿ ಮರಿಗಳು ಸಾಮೂಹಿಕವಾಗಿ ಸತ್ತಾಗ, ಅದಕ್ಕೆ ಹಲವು ಪ್ರತಿಜೀವಕಗಳಿಗೆ ಮಣಿಯದ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದರು. ಇಲ್ಲಿ ಮೊದಲ ನಷ್ಟ ಸಾಕಣೆದಾರರದೇ ಆಗಿತ್ತು. ಔಷಧವು ನಿಷ್ಫಲವಾದರೆ ಗ್ರಾಹಕರಿಗಿಂತ ಮುಂಚೆ ರೈತರೇ ಸಂಕಷ್ಟಕ್ಕೆ ಒಳಗಾಗುತ್ತಾರೆ.

ಬೇರೆ ಬೇರೆಯಾದ ಎರಡು ಸಂಗತಿಗಳು

ಮಾಂಸದಲ್ಲಿ ಉಳಿಯುವ ಔಷಧದ ಅಂಶ ಬೇರೆ, ನಿರೋಧಕ ಬ್ಯಾಕ್ಟೀರಿಯಾ ಬೇರೆ. ಔಷಧ ನೀಡಿದ ಬಳಿಕ ಪಶುವೈದ್ಯರು ಸೂಚಿಸಿದಷ್ಟು ದಿನ ಕಾದು ಪ್ರಾಣಿಯನ್ನು ಮಾರಿದರೆ ಔಷಧದ ಅಂಶ ಇಳಿಯುತ್ತದೆ. ಬೇಯಿಸಿದ ಮಾತ್ರಕ್ಕೆ ಅದು ಪೂರ್ಣ ನಾಶವಾಗುವುದೆಂದು ಭಾವಿಸಬಾರದು. ಬ್ಯಾಕ್ಟೀರಿಯಾ ವಿಷಯದಲ್ಲಿ ಇದು ತಿರುವುಮುರುವು. ಇ. ಕೋಲೈ, ಸಾಲ್ಮೊನೆಲ್ಲಾ ಮುಂತಾದವು ನಿರೋಧಕವಾಗಿದ್ದರೂ ಶಾಖವನ್ನು ತಾಳಲಾರವು. ಮಾಂಸದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ.

ಹೀಗಾಗಿ ಅಪಾಯ ಹೆಚ್ಚಾಗಿರುವುದು ಹಸಿ ಮಾಂಸವನ್ನು ಮುಟ್ಟಿದ ಕೈ, ಚೂರಿ, ಮಣೆ ಮತ್ತು ಅದನ್ನು ತೊಳೆದ ನೀರಿನಲ್ಲಿ. ಅದೇ ಮಣೆಯ ಮೇಲೆ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಿದರೆ ಬ್ಯಾಕ್ಟೀರಿಯಾ ನೇರವಾಗಿ ಹೊಟ್ಟೆಗೆ ಸೇರುತ್ತವೆ. ಮಾಂಸಾಹಾರ ಸೇವಿಸದ ಕುಟುಂಬಗಳೂ ಇದರಿಂದ ಹೊರತಲ್ಲ. ಕೊಳೆಯದ ಕೋಳಿಗೊಬ್ಬರ, ಚರಂಡಿಯ ನೀರು ಮತ್ತು ಹಳ್ಳದ ಮೂಲಕ ಅವು ಕಾಯಿಪಲ್ಲೆ ಹಾಗೂ ಕುಡಿಯುವ ನೀರನ್ನು ತಲುಪಬಹುದು. ಬಾಣಂತಿಯ ನಂಜು, ಶಿಶುವಿನ ರಕ್ತದ ಸೋಂಕು, ಮೂತ್ರನಾಳದ ಸೋಂಕು ಸಾಮಾನ್ಯ ಔಷಧಕ್ಕೆ ಗುಣವಾಗದಿದ್ದಾಗ ಬಡ ಕುಟುಂಬವು ದುಬಾರಿ ಔಷಧಕ್ಕಾಗಿ ದೂರದ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ.

ಕಾನೂನಿನ ಕ್ರಮಗಳು

ಕೊಲಿಸ್ಟಿನ್ ಎಂಬುದು ಬೇರೆ ಔಷಧಗಳು ಸೋತಾಗ ವೈದ್ಯರು ಬಳಸುವ ಕೊನೆಯ ಅಸ್ತ್ರಗಳಲ್ಲಿ ಒಂದು. ಇದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ಬಳಸುವುದಕ್ಕಾಗಿ ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ನಿಷೇಧಿಸಿತು. ಮಾಂಸ ಮತ್ತು ಮೀನಿನಲ್ಲಿ ಇರಬಹುದಾದ ಔಷಧದ ಅಂಶಕ್ಕೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮಿತಿಗಳನ್ನು ನಿಗದಿಪಡಿಸಿದೆ.

ಗ್ರಾಮ ಪಂಚಾಯತಿಗಳು ಮಾಡಬಹುದಾದದ್ದು

1. ಮಾಂಸ ಮತ್ತು ಮೀನು ಮಾರುವ ಸ್ಥಳಕ್ಕೆ ಶುದ್ಧ ನೀರು, ತೊಳೆಯಲು ಬರುವ ಕಟ್ಟೆ ಹಾಗೂ ಮುಚ್ಚಿದ ಚರಂಡಿಯನ್ನು ಒದಗಿಸುವುದು.
2. ಕರುಳು, ಪುಕ್ಕ ಮತ್ತು ಮೀನಿನ ತ್ಯಾಜ್ಯವನ್ನು ಹಳ್ಳ, ಕೆರೆ, ಬಾವಿಗಳ ಬಳಿ ಎಸೆಯದಂತೆ ವಿಲೇವಾರಿಯ ವ್ಯವಸ್ಥೆ ಮಾಡುವುದು.
3. ವ್ಯಾಪಾರಿಗಳಿಗೆ ಆಹಾರ ಸುರಕ್ಷತೆಯ ನೋಂದಣಿ ಪಡೆಯಲು ನೆರವಾಗುವುದು. ಹಸಿ ಮಾಂಸ ಮತ್ತು ತರಕಾರಿ ಮಾರಾಟದ ಜಾಗಗಳನ್ನು ಪ್ರತ್ಯೇಕಿಸುವುದು.
4. ಕೋಳಿ, ಕುರಿ ಮತ್ತು ಮೀನು ಸಾಕಣೆದಾರರಿಗೆ ಪಶುವೈದ್ಯರು ಹಾಗೂ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಂದ ತಿಳುವಳಿಕೆ ಕೊಡಿಸುವುದು. ಲಸಿಕೆ, ಒಣ ಹಾಸು ಮತ್ತು ಸ್ವಚ್ಛ ನೀರು ಇದ್ದಲ್ಲಿ ಔಷಧದ ಅಗತ್ಯವೇ ಕಡಿಮೆಯಾಗುತ್ತದೆ. ತುರ್ತು ಪಶುಚಿಕಿತ್ಸೆಗೆ 1962 ಸಹಾಯವಾಣಿಯನ್ನು ಪ್ರಚುರಪಡಿಸುವುದು.
5. ಕೆಂಪು ಗೆರೆಯಿರುವ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಿಳಿಸುವುದು.
6. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಆಚರಿಸುವ ವಿಶ್ವ ಜಾಗೃತಿ ಸಪ್ತಾಹದಲ್ಲಿ ಈ ವಿಷಯವನ್ನು ಗ್ರಾಮಸಭೆಯ ಮುಂದೆ ಇಡುವುದು.

ಈ ತಿಳುವಳಿಕೆಯು ಯಾವ ವ್ಯಾಪಾರಿಯ ಮೇಲೂ, ಯಾವ ಆಹಾರ ಪದ್ಧತಿಯ ಮೇಲೂ ಆರೋಪವಾಗಬಾರದು. ಅಂಗಡಿಯವರು ತಮ್ಮ ಕೈಗೆ ಬಂದ ಮಾಲನ್ನು ಮಾರುತ್ತಾರೆ; ಔಷಧದ ದುರ್ಬಳಕೆ ಅದಕ್ಕೂ ಮುಂಚೆಯೇ ನಡೆದಿರುತ್ತದೆ. ಹೊಸ ಪ್ರತಿಜೀವಕಗಳು ಅಪರೂಪವಾಗಿ ದೊರೆಯುವ ಈ ಕಾಲದಲ್ಲಿ ಇರುವ ಔಷಧಗಳ ಶಕ್ತಿಯನ್ನು ಕಾಯುವುದು ಕೆರೆಯ ನೀರನ್ನು ಕಾಯುವಷ್ಟೇ ಸಾರ್ವಜನಿಕವಾದ ಹೊಣೆಯಾಗಿದೆ. ಆ ಹೊಣೆಯನ್ನು ಊರಿನ ಮಟ್ಟದಲ್ಲಿ ನಿರ್ವಹಿಸಬಲ್ಲ ಅತ್ಯಂತ ಸಮೀಪದ ಸಂಸ್ಥೆ ಗ್ರಾಮ ಪಂಚಾಯತಿಯೇ ಆಗಿದೆ.