ಸೂರ್ಯನಿಲ್ಲದ ಊರಿನ ಉಗ್ರಾಣ

ಮೇರುವಿನಲ್ಲಿರುವ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ಸೂರ್ಯಸಿದ್ಧಾಂತವು ಹೇಳುವುದಷ್ಟೆ. ಪಾಠಶಾಲೆಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬನು, “ಗುರುಗಳೇ, ಅಷ್ಟು ಉದ್ದದ ರಾತ್ರಿಯಲ್ಲಿ ಅವರು ಊಟಕ್ಕೇನು ಮಾಡುವರು?” ಎಂದು ಕೇಳಿದ್ದುಂಟು. ದೇವತೆಗಳ ಸಂಗತಿಯನ್ನು ನಾನರಿಯೆ. ಅಂಥದೇ ಒಂದು ರಾತ್ರಿಯನ್ನು ವರ್ಷವರ್ಷವೂ ಕಳೆಯುವ ಮನುಷ್ಯರ ಸಂಸಾರವು ಹೇಗೆ ನಡೆಯುವುದೆಂಬುದನ್ನು ಮಾತ್ರ ಇಲ್ಲಿ ಹೇಳಬಹುದು.

ಉತ್ತರ ಅಮೆರಿಕದ ಅಲಾಸ್ಕಾ ಪ್ರಾಂತದ ತುತ್ತತುದಿಯಲ್ಲಿ, 71ನೆಯ ಅಕ್ಷಾಂಶದಾಚೆ, ಕಡಲ ದಡದ ಮೇಲೆ ಉತ್‌ಕ್ಯಾಗ್ವಿಕ್ ಎಂಬ ಊರುಂಟು. ಬ್ಯಾರೋ ಎಂದಿದ್ದ ಹೆಸರನ್ನು 2016ರಲ್ಲಿ ಊರವರು ಮತ ಹಾಕಿ ಬಿಟ್ಟು, ಪೂರ್ವಿಕರ ಹೆಸರನ್ನೇ ಮರಳಿ ತಂದುಕೊಂಡರು. ಐದು ಸಾವಿರದಷ್ಟು ಜನ. ಹೆಚ್ಚಿನವರು ಇನ್ಯೂಪಿಯಾತ್ ಕುಲದವರು. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ನವೆಂಬರ್ 18ರ ಸುಮಾರಿಗೆ ಮುಳುಗಿದ ಸೂರ್ಯನು ಮತ್ತೆ ಮುಖ ತೋರುವುದು ಜನವರಿ 22-23ಕ್ಕೆ. ಹಾಗೆಂದು ಬರಿಯ ಕಗ್ಗತ್ತಲೆ ಎನ್ನಲಾಗದು. ನಡುಹಗಲಿನಲ್ಲಿ ಕೆಲವು ಗಂಟೆ ಅರುಣೋದಯದಂಥ ನಸುಬೆಳಕು ಇರುವುದು. ಮಕ್ಕಳು ಎಂದಿನಂತೆ ಶಾಲೆಗೆ ಹೋಗುವರು.

ಸೂರ್ಯನು ಹೋಗುವ ಮುನ್ನವೇ ಉಗ್ರಾಣವು ತುಂಬಿರಬೇಕು. ಶರದೃತುವಿನಲ್ಲಿ ದೋಣಿಗಳಲ್ಲಿ ಹೋಗಿ ಬೋಹೆಡ್ ಎಂಬ ತಿಮಿಂಗಿಲವನ್ನು ಬೇಟೆಯಾಡುವರು. ಎಷ್ಟು ಹೊಡೆಯಬಹುದೆಂಬುದಕ್ಕೆ ಅಂತರರಾಷ್ಟ್ರೀಯ ಆಯೋಗದ ಮಿತಿಯುಂಟು. ದಡಕ್ಕೆ ಎಳೆದೊಡನೆ ಹೆಂಗಸರು ಮಕ್ಕಳಾದಿಯಾಗಿ ಊರೇ ಕೂಡುವುದು. ಕೊಬ್ಬಿನೊಡನೆ ಕೊಯ್ದ ಚರ್ಮಕ್ಕೆ ಮಕ್ತಕ್ ಎನ್ನುವರು. ಅದನ್ನು ಹಸಿಯಾಗಿಯೋ ಬೇಯಿಸಿಯೋ ತಿನ್ನುವರು. ಮಾಂಸದ ಮಾತಿಗೆ ಮೂಗು ಮುರಿಯುವ ಗೃಹಿಣಿಯರು ಮನ್ನಿಸಬೇಕು: ಒಂದು ಮರವೂ ಬೆಳೆಯದ ಆ ನೆಲದಲ್ಲಿ, ನಮಗೆ ನಿಂಬೆ ನೆಲ್ಲಿಗಳು ಕೊಡುವ ಸಿ ಜೀವಸತ್ತ್ವವನ್ನು ಅವರಿಗೆ ಕೊಡುತ್ತ ಬಂದಿರುವುದು ಈ ಚರ್ಮವೇ. ಬೇಟೆಗೆ ಹೋಗಲಾರದ ವೃದ್ಧರಿಗೂ ವಿಧವೆಯರಿಗೂ ಪಾಲುಂಟು. ನವೆಂಬರಿನ ಕೃತಜ್ಞತಾದಿನದಲ್ಲಿಯೂ ಕ್ರಿಸ್ಮಸ್ಸಿನಲ್ಲಿಯೂ ಚರ್ಚುಗಳಲ್ಲಿ ಮತ್ತೆ ಹಂಚಿಕೆ.

ಉಗ್ರಾಣವೆಂದರೆ ನೆಲಮಾಳಿಗೆ. ಅಲ್ಲಿಯ ಮಣ್ಣು, ಮೇಲ್ಪದರವೊಂದರ ಹೊರತು, ಸದಾ ಹೆಪ್ಪುಗಟ್ಟಿರುವುದು. ಅದರಲ್ಲಿ ಹತ್ತಿಪ್ಪತ್ತು ಅಡಿ ಆಳಕ್ಕೆ ಕೋಣೆ ತೋಡಿ, ಏಣಿಯಿಂದಿಳಿದು ಮಾಂಸವನ್ನು ಇಡುವರು. ವಸಂತದ ಬೇಟೆಗೆ ಮೊದಲು ಅದನ್ನು ಬರಿದುಮಾಡಿ, ಶುಚಿಗೊಳಿಸಿ, ಹೊಸ ಹಿಮವನ್ನು ಹಾಸುವರು. ಕೊಳಕು ಮಾಳಿಗೆಯವನಿಗೆ ತಿಮಿಂಗಿಲವು ತನ್ನನ್ನು ಒಪ್ಪಿಸಿಕೊಳ್ಳದೆಂದು ನಂಬಿಕೆ. ಅಡಿಗೆಮನೆಯ ಮಡಿಯನ್ನು ಬಲ್ಲ ನಮ್ಮವರಿಗೆ ಇದು ವಿಚಿತ್ರವೆನಿಸಲಾರದು.

ಕತ್ತಲೆಯು ಅವರಿಗೆ ಹಳೆಯ ನೆಂಟ. ಈಗಿನ ಅಂಜಿಕೆಯೆಲ್ಲ ಚಳಿ ತಡವಾಗುತ್ತಿರುವುದರದು. ಹಿಂದೆ ಅಕ್ಟೋಬರಿನಲ್ಲಿಯೇ ದಡವನ್ನು ಕಟ್ಟುತ್ತಿದ್ದ ಮಂಜುಗಡ್ಡೆಯು ತಡೆದು ಬರುತ್ತಿದೆ. ಬಯಲಾದ ಕಡಲಿನ ಅಲೆಗಳು ದಡವನ್ನು ಕೊರೆಯುತ್ತಿವೆ. 2017ರಲ್ಲಿ ಅಲ್ಲಿಯ ಉಷ್ಣಮಾನವು ಏರಿದ ಬಗೆಯನ್ನು ಕಂಡ ಅಮೆರಿಕ ಸರಕಾರದ ಹವಾಮಾನ ಸಂಸ್ಥೆಯ ಗಣಕಯಂತ್ರವು, ಅಂಕಿಗಳೇ ತಪ್ಪಿರಬೇಕೆಂದು ಅವನ್ನು ಲೆಕ್ಕದಿಂದ ತಳ್ಳಿಬಿಟ್ಟಿತು. ಪರೀಕ್ಷಿಸಿದರೆ ಅಂಕಿಗಳು ಸರಿಯಾಗಿಯೇ ಇದ್ದವು! ಕೆಲವು ಮಾಳಿಗೆಗಳಲ್ಲಿ ನೀರು ನಿಂತು ಮಾಂಸ ಕೆಟ್ಟದ್ದೂ ಉಂಟು. ವಿದ್ಯುತ್ತಿನ ಶೀತಪೆಟ್ಟಿಗೆಗಳೇನೋ ಬಂದಿವೆ. ಆದರೆ ತಿಮಿಂಗಿಲದ ಪಾಲು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುವಂಥದಲ್ಲ; ಮೇಲಾಗಿ, ನೆಲದಡಿಯಲ್ಲಿ ನಿಧಾನವಾಗಿ ಹದಗೊಂಡ ಮಾಂಸದ ರುಚಿ ಅದರಲ್ಲಿ ಬಾರದೆಂದು ಹಿರಿಯರ ದೂರು. ಮಡಕೆಯ ಮೊಸರನ್ನು ಉಂಡು ಬೆಳೆದ ನಾನು ಆ ದೂರನ್ನು ಅಲ್ಲಗಳೆಯಲಾರೆ.