ಅಪ್ಪ-ಅಮ್ಮ ಬಂದಾಗ: ಆ ಇಂಜೆಕ್ಷನ್‌ಗೆ ಎಷ್ಟು?



ಬೇಸಿಗೆ ಬಂತೆಂದರೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ನ ನಮ್ಮ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಪಕ್ಕದಲ್ಲೇ ಆರು ತಿಂಗಳ ಬಿಪಿ-ಶುಗರ್ ಮಾತ್ರೆ. ಇಲ್ಲಿದ್ದಾಗ ಅವರಿಗೆ ಸ್ಟ್ರೋಕ್ ಆದರೆ ಖರ್ಚೆಷ್ಟು ಎಂಬ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ, ಕೇಳಲು ಮಾತ್ರ ಬಾಯಿ ಬರುವುದಿಲ್ಲ.

ಮೊದಲು ಔಷಧಿಯ ಲೆಕ್ಕ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಆಲ್ಟೆಪ್ಲೇಸ್ ಅನ್ನು ದೇಹದ ತೂಕ ನೋಡಿ ಕೊಡುತ್ತಾರೆ, ಕಿಲೋಗೆ 0.9 ಮಿಲಿಗ್ರಾಂ. 70 ಕಿಲೋ ತೂಕದವರಿಗೆ 63 ಮಿಲಿಗ್ರಾಂ. 2012ರಲ್ಲಿ ನೈಸ್ ಸಂಸ್ಥೆ ಇದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬಹುದೆಂದಾಗ 50 ಮಿಲಿಗ್ರಾಂ ಸೀಸೆಯ ಪಟ್ಟಿದರ 300 ಪೌಂಡ್, 20ರದ್ದು 180. ಒಟ್ಟು 480 ಪೌಂಡ್, ಉಳಿದ 7 ಮಿಲಿಗ್ರಾಂ ಕಸಕ್ಕೆ. ಅಮೆರಿಕದ ಮೆಡಿಕೇರ್‌ನಲ್ಲಿ 2005ರಲ್ಲಿ ಮಿಲಿಗ್ರಾಂಗೆ 30.50 ಡಾಲರ್ ಇದ್ದದ್ದು 2014ರಲ್ಲಿ 64.30 ಆಯಿತು, ಅಂದರೆ ಅದೇ 63 ಮಿಲಿಗ್ರಾಂಗೆ ನಾಲ್ಕು ಸಾವಿರ ಡಾಲರ್ ದಾಟಿತು! ಔಷಧಿ ಒಂದೇ, ಕೊಳ್ಳುವವರು ಬೇರೆ. 2024ರ ಜುಲೈನಲ್ಲಿ ನೈಸ್ ಸ್ಟ್ರೋಕ್‌ಗೆ ಟೆನೆಕ್ಟೆಪ್ಲೇಸ್ ಅನ್ನೂ ಒಪ್ಪಿತು. ಆಲ್ಟೆಪ್ಲೇಸ್‌ನಂತೆ ಒಂದು ಗಂಟೆ ಡ್ರಿಪ್ ಬೇಡ, ಒಂದೇ ಚುಚ್ಚು. ಇದೇ ಟೆನೆಕ್ಟೆಪ್ಲೇಸ್ ಅನ್ನು ಹೃದಯಾಘಾತಕ್ಕಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಕರ್ನಾಟಕ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು.

ಆದರೆ ನಮ್ಮನ್ನು ಹೆದರಿಸಬೇಕಾದ ಮೊತ್ತ ಇಂಜೆಕ್ಷನ್‌ನದಲ್ಲ. ವೀಸಾ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿದ ನಮಗೆ (2024ರಿಂದ ವರ್ಷಕ್ಕೆ 1,035 ಪೌಂಡ್) ಆಸ್ಪತ್ರೆ ಬಿಲ್ ಬರುವುದಿಲ್ಲ. ವಿಸಿಟರ್ ವೀಸಾದವರು ಅದನ್ನು ಕಟ್ಟಿರುವುದಿಲ್ಲ, ಆ ರಕ್ಷಣೆಯೂ ಇಲ್ಲ. ತುರ್ತು ವಿಭಾಗದ ಚಿಕಿತ್ಸೆ ಅವರಿಗೂ ಉಚಿತ. ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಎನ್‌ಎಚ್‌ಎಸ್ ದರದ ಶೇಕಡಾ 150ರಷ್ಟು ಲೆಕ್ಕ. ಸ್ಟ್ರೋಕ್ ವಾರ್ಡ್, ಫಿಜಿಯೋಥೆರಪಿ, ವಾರಗಟ್ಟಲೆ ಹಾಸಿಗೆ ಎಲ್ಲವೂ ಇದರಲ್ಲಿ ಬರುತ್ತವೆ.

ಹಣವಿಲ್ಲವೆಂದು ತುರ್ತು ಚಿಕಿತ್ಸೆಯನ್ನು ತಡೆಯುವಂತಿಲ್ಲ, ಬಿಲ್ ಆಮೇಲೆ ಬರುತ್ತದೆ. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ಮುಂದಿನ ವೀಸಾ ತಿರಸ್ಕೃತವಾಗಬಹುದು. ಹಾಗಾಗಿ ಬಿಲ್ ಬಂದ ವಾರವೇ ಆಸ್ಪತ್ರೆಯ ವಿದೇಶಿ ಸಂದರ್ಶಕರ ಕಚೇರಿಯಲ್ಲಿ ಕಂತುಗಳ ಬಗ್ಗೆ ಮಾತನಾಡಿ.

ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಶುಗರ್ ಎಲ್ಲವನ್ನೂ ಬರೆಸಿ. ಪ್ರೀಮಿಯಂ ಏರುತ್ತದೆ, "ನನಗೇನಾಗಿದೆಯೋ, ಗಟ್ಟಿಯಾಗೇ ಇದ್ದೀನಿ" ಎಂದು ಅಪ್ಪ ಗದರುತ್ತಾರೆ. ಆದರೂ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ಬೀಳುವುದೇ ಅಲ್ಲಿ.

ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಬಿಲ್ ನೆನೆಯುತ್ತಾ ಕೂರಬೇಡಿ, 999ಕ್ಕೆ ಕರೆ ಮಾಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆಂದು ಹೇಳಿ, ಮಾತ್ರೆಗಳ ಚೀಟಿ ಕೊಡಿ. ನೀವಾಗಿಯೇ ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವವೋ ಹೆಪ್ಪೋ ಎಂಬುದು ಸ್ಕ್ಯಾನ್ ಆಗುವವರೆಗೆ ತಿಳಿಯದು. ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯುವುದೂ ಬೇಡ. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ ಸ್ಟ್ರೋಕ್ ಚಿಕಿತ್ಸೆ ಸ್ಯಾಲ್ಫರ್ಡ್ ರಾಯಲ್‌ನಂಥ ಕೆಲವೇ ಕಡೆ ಕೇಂದ್ರೀಕೃತವಾಗಿದೆ, ಎಲ್ಲಿಗೆ ಹೋಗಬೇಕೆಂಬುದು ಆಂಬುಲೆನ್ಸ್‌ನವರಿಗೆ ಗೊತ್ತು.